ಕಾಯಿಯ ಮೇಣ, ಹುಲ್ಲಿನ ಬತ್ತಿ

ಮುಂಬೈಯಲ್ಲಿ ಮೇಣದ ವ್ಯಾಪಾರಕ್ಕೂ ಒಂದು ಸುಗ್ಗಿಯಿದೆ. ಸೆಪ್ಟೆಂಬರ್ 8ರ ಮೇರಿ ಮಾತೆಯ ಜನ್ಮದಿನದ ನಂತರ ಬರುವ ಭಾನುವಾರ ಆರಂಭವಾಗಿ ವಾರವಿಡೀ ಬಾಂದ್ರಾದ ಗುಡ್ಡದ ಮೇಲೆ ನಡೆಯುವ ಮೌಂಟ್ ಮೇರಿ ಜಾತ್ರೆಯಲ್ಲಿ, ಉದ್ದನೆಯ ಬತ್ತಿಗಳ ಜೊತೆಗೆ ಕೈ, ಕಾಲು, ಮಗು, ಮನೆ, ವಿಮಾನ ಮುಂತಾದ ಆಕಾರಗಳಲ್ಲಿ ಎರಕ ಹೊಯ್ದ ಮೇಣದ ಗೊಂಬೆಗಳು ದಾರಿಯ ಇಕ್ಕೆಲಗಳ ಅಂಗಡಿಗಳಲ್ಲಿ ರಾಶಿ ಬೀಳುತ್ತವೆ. ಕಾಲು ನೋವಿನವರು ಮೇಣದ ಕಾಲನ್ನು, ಸ್ವಂತ ಸೂರಿನ ಹಂಬಲವುಳ್ಳವರು ಮೇಣದ ಮನೆಯನ್ನು ಹರಕೆಯಾಗಿ ಒಪ್ಪಿಸುತ್ತಾರೆ, ಮತ್ತು ಹಾಗೆ ಒಪ್ಪಿಸುವವರಲ್ಲಿ ಕ್ರೈಸ್ತರಷ್ಟೇ ಅಲ್ಲದೆ ನಗರದ ಎಲ್ಲ ಮತಗಳವರೂ ಇರುತ್ತಾರೆ. ಇದೇ ಸೆಪ್ಟೆಂಬರ್ 8ರಂದು ಮಂಗಳೂರು ಕಡೆಯ ಕಥೋಲಿಕರು ಮೊಂತಿ ಫೆಸ್ತ್ ಆಚರಿಸಿ ಮಾತೆಗೆ ಹೂವನ್ನೂ ಹೊಸ ತೆನೆಯನ್ನೂ ಅರ್ಪಿಸುವುದರಿಂದ, ಅಲ್ಲಿಂದ ಮುಂಬೈಗೆ ವಲಸೆ ಬಂದ ಕುಟುಂಬಗಳಿಗೆ ಹಬ್ಬ ಪರಿಚಿತವೇ ಆದರೂ ಅದರ ಸುತ್ತ ಬೆಳೆದಿರುವ ಮೇಣದ ಪೇಟೆ ಈ ನಗರದ್ದೇ ವಿಶೇಷ. ಮಾಹಿಮ್‌ನ ಸಂತ ಮೈಕಲ್ ಚರ್ಚಿನಲ್ಲಿ 1948ರಿಂದ ಪ್ರತಿ ಬುಧವಾರ ನಡೆದುಬಂದಿರುವ ನೊವೇನಾ, ಅಂದರೆ ಒಂಬತ್ತರ ಲೆಕ್ಕದಲ್ಲಿ ಸಲ್ಲಿಸುವ ಪ್ರಾರ್ಥನೆ, ಈ ಪೇಟೆಯನ್ನು ವರ್ಷವಿಡೀ ಜೀವಂತವಾಗಿಟ್ಟಿದೆ.

ಹೀಗೆ ಹರಕೆಗೂ ಮನೆಯ ಪೀಠಕ್ಕೂ ಹುಟ್ಟುಹಬ್ಬದ ಕೇಕಿಗೂ ಕರೆಂಟು ಹೋದ ರಾತ್ರಿಗೂ ಮುಂಬೈ ಬಳಸುವ ಮೇಣ ಬಹುಪಾಲು ಪ್ಯಾರಾಫಿನ್. ಇದು ಕಚ್ಚಾ ತೈಲದ ಭಾರವಾದ ಭಾಗವನ್ನು ತಣಿಸಿ, ದ್ರಾವಕಗಳ ನೆರವಿನಿಂದ ಬೇರ್ಪಡಿಸಿದ ಬಿಳಿಯ, ವಾಸನೆಯಿಲ್ಲದ ಘನ. ಜರ್ಮನಿಯ ರಸಾಯನಜ್ಞ ಕಾರ್ಲ್ ಫಾನ್ ರೈಖೆನ್‌ಬಾಖ್ 1830ರಲ್ಲಿ ಇದನ್ನು ಮೊದಲು ಬೇರ್ಪಡಿಸಿದ. ಆ ಶತಮಾನ ಮುಗಿಯುವಷ್ಟರಲ್ಲಿ ಅದು ಜೇನುಮೇಣವನ್ನೂ ಪ್ರಾಣಿಗಳ ಕೊಬ್ಬನ್ನೂ ಮೇಣದಬತ್ತಿಯ ಕಸುಬಿನಿಂದ ಹೆಚ್ಚುಕಡಿಮೆ ಹೊರದಬ್ಬಿತು. ಭಾರತಕ್ಕೆ ಮೊದಲು ರಂಗೂನಿನ ತೈಲ ಕಂಪನಿಯ ಬತ್ತಿಗಳು ಬಂದವು. ಅಸ್ಸಾಮಿನ ದಿಗ್ಬೊಯ್ ಸಂಸ್ಕರಣಾಗಾರವೂ ಮೇಣ ಕೊಟ್ಟಿತು, ಅದೇ ರಾಜ್ಯದ ನುಮಾಲಿಗಢದಲ್ಲಿ 2015ರಲ್ಲಿ ದೊಡ್ಡ ಮೇಣದ ಘಟಕವೊಂದು ಆರಂಭವಾಯಿತು. ಅಗ್ಗ, ಗಟ್ಟಿ, ಬಣ್ಣ ಹಿಡಿಯುವ ಗುಣವುಳ್ಳದ್ದು, ಅಚ್ಚಿನಿಂದ ಸಲೀಸಾಗಿ ಬಿಟ್ಟುಬರುವಂಥದ್ದು ಎಂಬ ಕಾರಣಗಳಿಂದ ಮೇಣದ ಕಾಲು, ಮೇಣದ ಮನೆಗಳಿಗೆ ಇದಕ್ಕಿಂತ ಒದಗುವ ಪದಾರ್ಥ ಇನ್ನೊಂದಿಲ್ಲ ಎನ್ನುವುದನ್ನು ಒಪ್ಪಲೇಬೇಕು.

ಆದರೆ ಕಳೆದ ಕೆಲವು ವರ್ಷಗಳಲ್ಲಿ ನಗರದ ಉಡುಗೊರೆ ಅಂಗಡಿಗಳಲ್ಲಿಯೂ ಮನೆಯಲ್ಲೇ ಬತ್ತಿ ತಯಾರಿಸಿ ಮಾರುವ ಗೃಹೋದ್ಯಮಗಳಲ್ಲಿಯೂ ಸಸ್ಯಮೂಲದ ಮೇಣಕ್ಕೆ ಬೇಡಿಕೆ ಹುಟ್ಟಿದೆ. ಇವುಗಳಲ್ಲಿ ಹೆಚ್ಚಿನವು ಸೋಯಾ ಎಣ್ಣೆಗೆ ಜಲಜನಕ ಸೇರಿಸಿ ಗಟ್ಟಿಗೊಳಿಸಿದ, 1990ರ ದಶಕದಲ್ಲಿ ಅಮೆರಿಕದಲ್ಲಿ ರೂಪುಗೊಂಡ ಮೇಣದಿಂದ ಆದವು; ಮೆತ್ತಗಿರುವುದರಿಂದ ಅವು ಗಾಜಿನ ಬಟ್ಟಲನ್ನು ಬಿಟ್ಟು ಸ್ವತಂತ್ರವಾಗಿ ನಿಲ್ಲಲಾರವು. ಸಸ್ಯಮೇಣದ ಬತ್ತಿ ಈಚಿನ ಶೋಧ ಎಂಬ ಭಾವನೆ ಇದರಿಂದ ಬೆಳೆದಿದೆ. ಆದರೆ ಬಟ್ಟಲಿನ ಹಂಗಿಲ್ಲದೆ ನೆಟ್ಟಗೆ ನಿಲ್ಲುವ, ಕಾಡುಮರದ ಕಾಯಿಯಿಂದ ತೆಗೆದ ಮೇಣದ ಬತ್ತಿಯನ್ನು ಜಪಾನಿನ ಕುಶಲಕರ್ಮಿಗಳು ಹಲವು ಶತಮಾನಗಳಿಂದ ಕೈಯಲ್ಲೇ ಮಾಡುತ್ತ ಬಂದಿದ್ದಾರೆ, ಮತ್ತು ಅದೇ ಜಾತಿಯ ಕೊಬ್ಬು ಮುಂಬೈಯಿಂದ ಮಂಗಳೂರಿನವರೆಗಿನ ಘಟ್ಟದ ಸಾಲಿನಲ್ಲಿ ಧಾರಾಳವಾಗಿ ಬಿದ್ದಿದ್ದರೂ ಇಲ್ಲಿ ಅದರಿಂದ ಬತ್ತಿಯ ಪರಂಪರೆಯೊಂದು ಬೆಳೆಯಲಿಲ್ಲ.

ಜಪಾನಿಗೆ ಮೇಣದಬತ್ತಿ ಬಂದದ್ದು ಎಂಟನೆಯ ಶತಮಾನದ ನಾರಾ ಯುಗದಲ್ಲಿ, ಬೌದ್ಧ ಧರ್ಮದ ಪರಿಕರಗಳೊಂದಿಗೆ, ಚೀನಾದಿಂದ, ಅದು ಜೇನುಮೇಣದ್ದು. ಆ ಆಮದು ನಿಂತ ಮೇಲೆ ಪೈನ್ ಮರದ ಅಂಟನ್ನು ಉರಿಸಲಾಯಿತು, ಆಮೇಲೆ ಅರಗಿನ ಬಣ್ಣ ಕೊಡುವ ಉರುಶಿ ಮರದ ಕಾಯಿಯಿಂದ ಮೇಣ ತೆಗೆಯುವುದು ರೂಢಿಗೆ ಬಂತು, ಕೊನೆಗೆ ರ‍್ಯೂಕ್ಯೂ ದ್ವೀಪಗಳ ಮೂಲಕ ಕ್ಯೂಷೂಗೆ ಬಂದ ಹಝೆ ಎಂಬ ಮರ ಉಳಿದೆಲ್ಲವನ್ನೂ ಹಿಂದಿಕ್ಕಿತು. 1603ರಿಂದ 1868ರವರೆಗಿನ ಎದೊ ಯುಗದಲ್ಲಿ ಪಶ್ಚಿಮ ಜಪಾನಿನ ಪ್ರಾಂತಾಧಿಪತಿಗಳು ತಮ್ಮ ಬೊಕ್ಕಸ ತುಂಬಿಸಿಕೊಳ್ಳಲು ಈ ಮರವನ್ನು ನೆಡಿಸಿ, ಮೇಣದ ಮಾರಾಟವನ್ನು ತಮ್ಮ ಹಿಡಿತದಲ್ಲಿಟ್ಟುಕೊಂಡರು. ಹಝೆ ಮಾವು, ಗೇರುಗಳ ಕುಟುಂಬಕ್ಕೇ ಸೇರಿದ್ದು, ಹಿಮಾಲಯದ ಇಳಿಜಾರುಗಳಲ್ಲಿಯೂ ಬೆಳೆಯುವಂಥದ್ದು. ಗೇರಿನ ಸೊನೆ ತಗುಲಿ ಮೈ ಬೊಬ್ಬೆ ಎದ್ದುದನ್ನು ಬಲ್ಲ ಮಲೆನಾಡಿನವರಿಗೆ, ಹಝೆ ಮರದ ಹತ್ತಿರ ಸುಳಿದರೂ ಕೆಲವರ ಚರ್ಮ ಕೆರಳುತ್ತದೆಂಬ ಮಾತು ಆಶ್ಚರ್ಯ ತರುವುದಿಲ್ಲ.

ಚಳಿಗಾಲದಲ್ಲಿ ಏಣಿ ಹಾಕಿ ಕೊಯ್ದ ಗೊಂಚಲುಗಳ ಸಣ್ಣ ಕಾಯಿಗಳನ್ನು ಒಣಗಿಸಿ, ಜಜ್ಜಿ, ಹಬೆಯಲ್ಲಿ ಬೇಯಿಸಿ, ಗಾಣದಂಥ ಒತ್ತುಯಂತ್ರದಲ್ಲಿ ಹಿಂಡಿದರೆ ಹಸಿರು ಮಿಶ್ರಿತ ಹಳದಿ ಬಣ್ಣದ ಕಚ್ಚಾ ಮೇಣ ಸಿಗುತ್ತದೆ. ಅದನ್ನು ಮತ್ತೆ ಕರಗಿಸಿ, ತೆಳುವಾದ ಚಕ್ಕೆಗಳಾಗಿ ಮಾಡಿ, ನೀರು ಚಿಮುಕಿಸುತ್ತ ವಾರಗಟ್ಟಲೆ ಬಿಸಿಲಿಗೆ ಒಡ್ಡಿದಾಗ ಬಿಳಿಯ ಮೇಣವಾಗುತ್ತದೆ. ಶಿಕೋಕು ದ್ವೀಪದ ಎಹಿಮೆ ಪ್ರಾಂತದ ಉಚಿಕೊ ಎಂಬ ಊರು ಈ ಬಿಳುಪಿಸುವ ಕೆಲಸದಿಂದಲೇ ಸಿರಿವಂತವಾಯಿತು. ಮೇಣ ರಫ್ತು ಮಾಡುತ್ತಿದ್ದ ಹಾಗಾ ಮನೆತನದ ದೊಡ್ಡ ಮನೆಯೊಂದು ಈಗ ಅಲ್ಲಿ ಮೇಣದ ವಸ್ತುಸಂಗ್ರಹಾಲಯವಾಗಿದೆ. ಈ ಮೇಣ ಬತ್ತಿಗಷ್ಟೇ ಸಲ್ಲುವುದಲ್ಲ. ಸುಮೊ ಕುಸ್ತಿಪಟುಗಳ ಜುಟ್ಟನ್ನು ಬಿಗಿಯಾಗಿ ನಿಲ್ಲಿಸುವ ಪರಿಮಳದ ಲೇಪದಲ್ಲಿಯೂ ಇದೇ ಇದೆ.

ಮೇಣವೆಂದು ಕರೆಯಲಾಗುತ್ತಿದ್ದರೂ ರಸಾಯನಶಾಸ್ತ್ರದ ದೃಷ್ಟಿಯಿಂದ ಹಝೆಯ ಸಾರ ಒಂದು ಕೊಬ್ಬು. ಜೇನುಮೇಣದಲ್ಲಿ ಉದ್ದ ಸರಪಳಿಯ ಆಲ್ಕೊಹಾಲುಗಳು ಕೊಬ್ಬಿನಾಮ್ಲಗಳೊಂದಿಗೆ ಕೂಡಿರುತ್ತವೆ, ಪ್ಯಾರಾಫಿನ್ ಬರಿಯ ಇಂಗಾಲ ಮತ್ತು ಜಲಜನಕಗಳ ಸರಪಳಿ, ಹಝೆಯಲ್ಲಿಯಾದರೋ ತೆಂಗಿನೆಣ್ಣೆ ಇಲ್ಲವೆ ತುಪ್ಪದಲ್ಲಿರುವಂತೆ ಗ್ಲಿಸರಿನ್ನಿಗೆ ಮೂರು ಕೊಬ್ಬಿನಾಮ್ಲಗಳು ಅಂಟಿಕೊಂಡಿರುತ್ತವೆ. ಆ ಆಮ್ಲಗಳಲ್ಲಿ ಬಹುಪಾಲು ಪಾಮಿಟಿಕ್ ಆಮ್ಲವಾದ್ದರಿಂದ ಅದು ಸುಮಾರು 50 ಡಿಗ್ರಿ ಸೆಲ್ಸಿಯಸ್‌ವರೆಗೆ ಘನವಾಗಿಯೇ ಉಳಿಯುತ್ತದೆ. ಇದರ ಜೊತೆಗೆ ಎರಡೂ ತುದಿಗಳಲ್ಲಿ ಆಮ್ಲದ ಗುಂಪಿರುವ ಉದ್ದ ಅಣುಗಳು ಸ್ವಲ್ಪ ಪ್ರಮಾಣದಲ್ಲಿ ಬೆರೆತಿದ್ದು, ಪದಾರ್ಥಕ್ಕೆ ಅಂಟನ್ನೂ ಬಾಗುವ ಗುಣವನ್ನೂ ಕೊಡುತ್ತವೆ. ಕೈಯಿಂದ ಪದರ ಪದರವಾಗಿ ಮೆತ್ತಿದರೂ ಬಿರುಕು ಬಿಡದಿರುವುದಕ್ಕೆ, ಅಂದರೆ ಒಂದಿಡೀ ಕಸುಬು ಅಸ್ತಿತ್ವಕ್ಕೆ ಬರುವುದಕ್ಕೆ, ಈ ಅಲ್ಪಾಂಶವೇ ಕಾರಣ.

ವಾರೋಸೊಕು ಎಂದು ಜಪಾನೀಯರು ಕರೆಯುವ ಈ ಬತ್ತಿಯ ಜಾಣ್ಮೆ ಮೇಣಕ್ಕಿಂತ ಹೆಚ್ಚಾಗಿ ಒಳಗಿನ ಬತ್ತಿಯಲ್ಲಿ, ಅಂದರೆ ಉರಿಯುವ ತಿರಿಯಲ್ಲಿ ಅಡಗಿದೆ. ಕೈಕಾಗದವನ್ನು ಕಡ್ಡಿಯೊಂದಕ್ಕೆ ಕೊಳವೆಯಾಗಿ ಸುತ್ತಿ, ಅದರ ಮೇಲೆ ಜೌಗಿನಲ್ಲಿ ಬೆಳೆಯುವ ಇಗುಸಾ ಹುಲ್ಲಿನ ತಿರುಳನ್ನು ಸುರುಳಿಯಾಗಿ ಹೊದಿಸಿ, ಬಿಚ್ಚಿಕೊಳ್ಳದಂತೆ ರೇಷ್ಮೆಯ ನಾರಿನ ಎಳೆಯಿಂದ ಬಿಗಿಯಲಾಗುತ್ತದೆ. ತತಾಮಿ ಚಾಪೆ ನೇಯುವುದೂ ಇದೇ ಹುಲ್ಲಿನಿಂದ. ಈ ತಿರಿಗಳನ್ನು ಕಡ್ಡಿಗಳಿಗೆ ಚುಚ್ಚಿ, ಹಲವನ್ನು ಒಟ್ಟಿಗೆ ಒಂದು ಅಂಗೈಯಲ್ಲಿ ಹೊರಳಿಸುತ್ತ, ಇನ್ನೊಂದು ಕೈಯಿಂದ ಸುಮಾರು 50 ಡಿಗ್ರಿಯ ಕರಗಿದ ಮೇಣವನ್ನು ಬಗೆದು ಬಗೆದು ಸವರುತ್ತಾರೆ. ಒಂದು ಪದರ ಆರಿದ ಮೇಲೆ ಇನ್ನೊಂದು. ಕೈಯ ಚರ್ಮವೇ ಇಲ್ಲಿ ಉಷ್ಣಮಾಪಕ; ಮೇಣ ತೀರ ಬಿಸಿಯಾದರೆ ಹಿಂದಿನ ಪದರ ಕರಗುತ್ತದೆ, ತಣ್ಣಗಾದರೆ ಮುಂದಿನದು ಅಂಟುವುದಿಲ್ಲ. ಕೊನೆಗೆ ಅಡ್ಡ ಕತ್ತರಿಸಿ ನೋಡಿದರೆ ಮರದ ಕಾಂಡದಲ್ಲಿರುವಂತೆ ವರ್ಷದ ಬಳೆಗಳು ಕಾಣಿಸುತ್ತವೆ, ಮತ್ತು ಕಡ್ಡಿಯನ್ನು ಎಳೆದ ಜಾಗ ಮೇಲಿನಿಂದ ಬುಡದವರೆಗೆ ಟೊಳ್ಳಾಗಿಯೇ ಉಳಿಯುತ್ತದೆ. ನೇರ ಕಂಬದಂಥದ್ದಲ್ಲದೆ, ಮೇಲ್ಭಾಗ ಅಗಲವಾಗಿ ನಡು ಸಣ್ಣಗಾಗುವ, ಲಂಗರನ್ನು ನೆನಪಿಸುವ ಇಕಾರಿ ಎಂಬ ಆಕಾರವೂ ಪ್ರಸಿದ್ಧ. ಐಜು ಪ್ರದೇಶದಲ್ಲಿ ಇವುಗಳ ಮೇಲೆ ಹೂಗಳನ್ನು ಚಿತ್ರಿಸುವ ಸಂಪ್ರದಾಯವಿದೆ. ಚಳಿಗಾಲದಲ್ಲಿ ಬುದ್ಧನ ಪೀಠಕ್ಕೆ ಹಸಿ ಹೂ ಸಿಗದ ಹಿಮದ ನಾಡಿನಲ್ಲಿ ಆ ಚಿತ್ರವೇ ಹೂವಿನ ಸ್ಥಾನ ತುಂಬುತ್ತದೆ.

ಹುಲ್ಲಿನ ತಿರುಳು ಕರಗಿದ ಕೊಬ್ಬನ್ನು ಬೇಗ ಹೀರಿಕೊಳ್ಳುವುದರಿಂದ ಮೇಣ ಪಕ್ಕಕ್ಕೆ ಇಳಿಯುವುದು ಕಡಿಮೆ, ಟೊಳ್ಳಿನೊಳಗಿನಿಂದ ಗಾಳಿ ಏರುವುದರಿಂದ ಜ್ವಾಲೆ ದೊಡ್ಡದು. ಗಾಳಿ ಬೀಸದ ಕೋಣೆಯಲ್ಲಿಯೂ ಆ ಜ್ವಾಲೆ ಒಂದೇ ಸಮನೆ ಏರಿಳಿಯುತ್ತಿರುತ್ತದೆ. 1860–61ರ ಕ್ರಿಸ್‌ಮಸ್ ಹೊತ್ತಿನಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಮಕ್ಕಳಿಗಾಗಿ ಮೇಣದಬತ್ತಿಯ ರಸಾಯನಶಾಸ್ತ್ರವನ್ನು ಕುರಿತು ಆರು ಉಪನ್ಯಾಸಗಳನ್ನು ಕೊಟ್ಟ ಮೈಕೆಲ್ ಫ್ಯಾರಡೆ, ಸಭೆಯಲ್ಲಿದ್ದ ಮಹಿಳೆಯೊಬ್ಬರು ಕಳುಹಿಸಿದ್ದ ಎರಡು ಜಪಾನಿ ಬತ್ತಿಗಳನ್ನು ಕೊನೆಯ ದಿನ ತೋರಿಸಿದ್ದ. ಅವುಗಳ ಅಲಂಕಾರವನ್ನು ಮೆಚ್ಚಿದ ಅವನ ಕಣ್ಣು ಹೆಚ್ಚಾಗಿ ಹೋದದ್ದು ಟೊಳ್ಳು ತಿರಿಯ ಕಡೆಗೆ. ಜ್ವಾಲೆಯ ನಡುವಿಗೆ ಗಾಳಿ ಹಾಯಿಸುವ ಇದೇ ಉಪಾಯದಿಂದ ಆರ್ಗಾಂಡ್ ಎಂಬಾತ ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಯುರೋಪಿನ ಎಣ್ಣೆದೀಪವನ್ನು ಬದಲಿಸಿದ್ದ. ಜಪಾನ್ ಪಾಶ್ಚಾತ್ಯರ ವ್ಯಾಪಾರಕ್ಕೆ ತೆರೆದುಕೊಂಡು ಆಗ ದಶಕವೂ ಕಳೆದಿರಲಿಲ್ಲ ಎನ್ನುವುದನ್ನು ಗಮನಿಸಿದರೆ, ಇಂಥದೊಂದು ಬತ್ತಿ ಲಂಡನ್ನಿನ ವೇದಿಕೆಗೆ ಎಷ್ಟು ಬೇಗ ತಲುಪಿತೆಂಬುದು ತಿಳಿಯುತ್ತದೆ.

ಇಷ್ಟೆಲ್ಲ ಶ್ರಮ ಬೇಡುವ ವಸ್ತು ಎದೊ ಯುಗದ ಸಾಮಾನ್ಯನ ಮನೆಯದಾಗಿರಲಿಲ್ಲ. ಅವನು ಸಾಸಿವೆ ಕುಲದ ಎಣ್ಣೆಯನ್ನೋ ಮೀನೆಣ್ಣೆಯನ್ನೋ ಕಾಗದದ ಗೂಡಿನಲ್ಲಿ ಉರಿಸುತ್ತಿದ್ದ. ಬತ್ತಿ ದೇವಾಲಯಕ್ಕೆ, ಸಿರಿವಂತರಿಗೆ, ಕಬುಕಿ ರಂಗಭೂಮಿಗೆ ಸೇರಿದ್ದಾಗಿತ್ತು. ಯಕ್ಷಗಾನದ ರಂಗಸ್ಥಳವನ್ನು ದೊಂದಿಯ ಉರಿ ಬೆಳಗುತ್ತಿದ್ದಂತೆ, ಕಬುಕಿಯಲ್ಲಿ ಕಪ್ಪು ಉಡುಪಿನ ಸಹಾಯಕನೊಬ್ಬ ಉದ್ದ ಕೋಲಿನ ತುದಿಯಲ್ಲಿ ಮೇಣದಬತ್ತಿಯನ್ನು ಹಿಡಿದು ನಟನ ಮುಖಕ್ಕೆ ಬೆಳಕು ಕೊಡುತ್ತಿದ್ದ. ಸೋರಿ ಹೆಪ್ಪುಗಟ್ಟಿದ ಮೇಣವೂ ವ್ಯರ್ಥವಾಗುತ್ತಿರಲಿಲ್ಲ. ಮುಂಬೈಯ ಭಂಗಾರ್‌ವಾಲಾ ಹಳೆಯ ಪತ್ರಿಕೆಗಳನ್ನು ತೂಕಕ್ಕೆ ಕೊಳ್ಳುವಂತೆ ಎದೊ ನಗರದಲ್ಲಿ ಉಳಿಕೆ ಮೇಣವನ್ನು ಮನೆಮನೆಗಳಿಂದ ಕೊಂಡು ಮತ್ತೆ ಬತ್ತಿಗೆ ಒದಗಿಸುವವರಿದ್ದರು. ಸೀಮೆಎಣ್ಣೆ, ಪ್ಯಾರಾಫಿನ್ ಮತ್ತು ವಿದ್ಯುತ್ತು ಬಂದ ಮೇಲೆ ಈ ಲೋಕ ಕುಗ್ಗಿತು. ಈಗ ಉಳಿದಿರುವ ಕೆಲವೇ ಮನೆತನಗಳಲ್ಲಿ ಇಶಿಕಾವಾ ಪ್ರಾಂತದ ನಾನಾಓ ಬಂದರಿನಲ್ಲಿ 1892ರಲ್ಲಿ ಆರಂಭವಾದ ತಕಾಝಾವಾ ಸಂಸ್ಥೆ ಒಂದು. ಹಝೆ ಕೊಯ್ಯುವವರು ಕಡಿಮೆಯಾದಂತೆ ಅದು ಅಕ್ಕಿ ತೌಡಿನ ಮೇಣವನ್ನೂ ಬಳಕೆಗೆ ತಂದಿದೆ, ಮತ್ತು ಈ ಸಣ್ಣ ಸಂಗತಿ ಭಾರತದ ಓದುಗರಿಗೆ ಮುಂದೆ ಉಪಯೋಗಕ್ಕೆ ಬರುತ್ತದೆ.

ಕೊಂಕಣ ಮತ್ತು ಕರಾವಳಿಯಲ್ಲಿ ಮೇಣದಬತ್ತಿ ಏಕೆ ಬೆಳೆಯಲಿಲ್ಲ ಎಂಬ ಪ್ರಶ್ನೆಗೆ ಉತ್ತರ ಹವಾಮಾನದಲ್ಲಿದೆ. ತೆಂಗಿನೆಣ್ಣೆ ಸುಮಾರು 25 ಡಿಗ್ರಿಗೇ ಕರಗುವುದರಿಂದ ಇಲ್ಲಿ ವರ್ಷದ ಹೆಚ್ಚಿನ ದಿನ ದ್ರವರೂಪದಲ್ಲೇ ಇರುತ್ತದೆ. ಎಳ್ಳು, ಹೊಂಗೆ, ಹೊನ್ನೆ, ಹಿಪ್ಪೆಗಳ ಎಣ್ಣೆಗೂ ಕೊರತೆಯಿರಲಿಲ್ಲ. ಒಂದು ಹಣತೆ ಮತ್ತು ಹತ್ತಿಯ ಬತ್ತಿಯಿಂದ ಕೆಲಸವಾಗುತ್ತಿರುವಾಗ ಕೊಬ್ಬನ್ನು ಗಟ್ಟಿಗೊಳಿಸಿ ಕಂಬ ಮಾಡುವ ತಾಪತ್ರಯ ಯಾರಿಗೂ ಬೇಕಿರಲಿಲ್ಲ. ಮುಂಬೈಯ ಪಾರ್ಸಿ ಮನೆಗಳಲ್ಲಿ ಗಾಜಿನ ಲೋಟದ ನೀರಿನ ಮೇಲೆ ಎಣ್ಣೆ ತೇಲಿಸಿ ಅದರಲ್ಲಿ ಸಣ್ಣ ತಿರಿ ಉರಿಸುವ ದಿವೊ ಇಂದಿಗೂ ಬೆಳಗುವುದು ಈ ಅನುಕೂಲದಿಂದಲೇ. 1534ರಲ್ಲಿ ವಸಯಿ ಮತ್ತು ಅದರ ಸುತ್ತಿನ ದ್ವೀಪಗಳು ಪೋರ್ಚುಗೀಸರ ಕೈಸೇರಿದ ಮೇಲೆ ಬಂದ ಚರ್ಚುಗಳು ಮೇಣದಬತ್ತಿಯನ್ನು ತಮ್ಮ ವಿಧಿಯ ಭಾಗವಾಗಿ ತಂದವು. ಮನೆಯ ಅಗತ್ಯವಾಗಿ ಅದು ಇಲ್ಲಿ ಮೊಳೆಯಲಿಲ್ಲ.

ಆದರೂ ಬತ್ತಿಗೆ ಆಗುವ ಗಟ್ಟಿ ಕೊಬ್ಬು ಪಶ್ಚಿಮ ಘಟ್ಟದಲ್ಲಿ ಇಲ್ಲದಿಲ್ಲ. ದಕ್ಷಿಣ ಕನ್ನಡ ಮತ್ತು ಉಡುಪಿಯ ರಸ್ತೆಗಳ ಬದಿಯಲ್ಲಿ ಸಾಲುಮರವಾಗಿ ನಿಂತಿರುವ ಧೂಪದ ಮರ, ತನ್ನ ಬಿಳಿ ಅಂಟಿನಿಂದ ಪೂಜೆಯ ಹೊಗೆಗೆ ಹೆಸರಾಗಿರುವಂತೆಯೇ, ಬೀಜದಿಂದ ಗಟ್ಟಿಯಾದ ಕೊಬ್ಬನ್ನೂ ಕೊಡುತ್ತದೆ. ಮಳೆಗಾಲದಲ್ಲಿ ಉದುರುವ ಬೀಜಗಳನ್ನು ಒಣಗಿಸಿ, ಪುಡಿ ಮಾಡಿ, ನೀರಿನಲ್ಲಿ ಕುದಿಸಿದರೆ ಮೇಲೆ ತೇಲಿ ಹೆಪ್ಪುಗಟ್ಟುವ ಈ ಪದಾರ್ಥವನ್ನು ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷರು ಪೈನಿ ಟ್ಯಾಲೋ ಎಂದು ಕರೆದು, ಅದು ಮೇಣದಬತ್ತಿಗೆ ಒದಗುತ್ತದೆಂದು ಬರೆದಿಟ್ಟರು. ರತ್ನಾಗಿರಿ, ಸಿಂಧುದುರ್ಗಗಳಿಂದ ಉತ್ತರ ಕನ್ನಡದವರೆಗೆ ಬೆಳೆಯುವ ಮುರುಗಲಿನದೂ ಇದೇ ಕಥೆ. ಸಾರಿಗೂ ಶರಬತ್ತಿಗೂ ಸಿಪ್ಪೆಯನ್ನು ಬಳಸಿದ ಮೇಲೆ ಉಳಿಯುವ ಬೀಜದಿಂದ ತೆಗೆದು ಕೈಯಲ್ಲಿ ಮುದ್ದೆ ಕಟ್ಟಿಟ್ಟ ಮುರುಗಲ ತುಪ್ಪವನ್ನು ಒಡೆದ ಹಿಮ್ಮಡಿಗೆ ಹಚ್ಚುವುದು ಮುಂಬೈಯ ಅನೇಕ ಕೊಂಕಣಿ ಮತ್ತು ಕನ್ನಡ ಮನೆಗಳಿಗೆ ಗೊತ್ತು, ಅದೇ ತುಪ್ಪ ಈಗ ಸೌಂದರ್ಯವರ್ಧಕಗಳಿಗೂ ಸಿಹಿತಿನಿಸುಗಳಿಗೂ ಹೋಗುತ್ತದೆ. ಇವೆರಡರ ತೊಡಕು ಕರಗುವ ಉಷ್ಣತೆಯಲ್ಲಿದೆ. ಎರಡೂ 40 ಡಿಗ್ರಿಯ ಆಸುಪಾಸಿನಲ್ಲಿ ಕರಗುತ್ತವೆ, ಸಾಂತಾಕ್ರೂಜ್‌ನ ಹವಾಮಾನ ಕೇಂದ್ರ ಮಾರ್ಚ್ ತಿಂಗಳಲ್ಲಿ 40 ಡಿಗ್ರಿ ದಾಟಿದ ಉಷ್ಣತೆಯನ್ನು ದಾಖಲಿಸಿದ್ದುಂಟು, ತಗಡಿನ ಮಾಡಿನ ಕೆಳಗಂತೂ ಅದಕ್ಕೆ ಮಾರ್ಚ್ ಬರಬೇಕೆಂದೂ ಇಲ್ಲ. ಹಝೆಯ 50 ಡಿಗ್ರಿಗೂ ಮುರುಗಲಿನ 40 ಡಿಗ್ರಿಗೂ ನಡುವಿನ ಅಂತರದಲ್ಲೇ ಒಂದು ಕಸುಬು ಹುಟ್ಟುವುದೂ ಹುಟ್ಟದಿರುವುದೂ ತೀರ್ಮಾನವಾಗಿರುವಂತೆ ತೋರುತ್ತದೆ.

ಈ ಅಂತರವನ್ನು ತುಂಬಬಲ್ಲದ್ದು ಅಕ್ಕಿ ತೌಡಿನ ಮೇಣ. ತೌಡಿನೆಣ್ಣೆಯನ್ನು ಶುದ್ಧಗೊಳಿಸುವಾಗ ಬೇರ್ಪಡುವ, ಜೇನುಮೇಣದಂತೆ ನಿಜವಾದ ಮೇಣವೇ ಆದ ಇದು ಕರಗಲು 75 ಡಿಗ್ರಿಗಿಂತ ಹೆಚ್ಚಿನ ಶಾಖ ಬೇಕು. ಭಾರತ ತೌಡಿನೆಣ್ಣೆಯ ದೊಡ್ಡ ಉತ್ಪಾದಕ ದೇಶಗಳಲ್ಲಿ ಒಂದಾದ್ದರಿಂದ ಕಚ್ಚಾವಸ್ತುವಿಗೆ ಕೊರತೆಯಿಲ್ಲ. ಮೆತ್ತಗಿನ ಮುರುಗಲ ತುಪ್ಪಕ್ಕೆ ಬಿರುಸಾದ ಈ ಮೇಣವನ್ನು ಬೆರೆಸಿ ಹದ ಕಂಡುಕೊಳ್ಳುವುದು ದೂರದ ಅಮೆರಿಕದ ಸೋಯಾ ಮೇಣವನ್ನು ತರಿಸುವುದಕ್ಕಿಂತ ಅರ್ಥವುಳ್ಳ ಪ್ರಯೋಗವಾಗಬಹುದು. ಕೈಕಸುಬಿನ ತರಬೇತಿಗೂ ಈ ನಗರ ಹೊಸದಲ್ಲ. ಮಹಾಬಲೇಶ್ವರದಲ್ಲಿ ಸನ್‌ರೈಸ್ ಕ್ಯಾಂಡಲ್ಸ್ ಎಂಬ ದೊಡ್ಡ ಉದ್ಯಮ ಕಟ್ಟಿ ದೃಷ್ಟಿಹೀನರಿಗೆ ಕೆಲಸ ಕೊಟ್ಟ, ಸ್ವತಃ ದೃಷ್ಟಿಹೀನರಾದ ಭಾವೇಶ್ ಭಾಟಿಯಾ ಮೇಣದಬತ್ತಿ ಮಾಡಲು ಕಲಿತದ್ದು ಮುಂಬೈಯ ರಾಷ್ಟ್ರೀಯ ಅಂಧರ ಸಂಘದಲ್ಲಿ. ಸ್ಪರ್ಶದಿಂದಲೇ ಶಾಖವನ್ನು ಅಳೆಯುವ ಜಪಾನಿನ ವಿಧಾನ ಅಂಥ ಕೈಗಳಿಗೆ ಒಗ್ಗದಿರಲು ಕಾರಣ ಕಾಣುವುದಿಲ್ಲ.

ಬೆಳಕಿಗಾಗಿಯೇ ಬತ್ತಿ ಬೇಕೆನ್ನುವ ಸಂದರ್ಭ ಮುಂಬೈಯಲ್ಲಿ ವಿರಳ. 2005ರ ಜುಲೈ 26ರ ಪ್ರಳಯದ ನಂತರ ಉಪನಗರಗಳು ಕತ್ತಲಲ್ಲಿ ಮುಳುಗಿದ್ದು, 2020ರ ಅಕ್ಟೋಬರ್ 12ರಂದು ಇಡೀ ಮಹಾನಗರಕ್ಕೆ ವಿದ್ಯುತ್ತು ಕಡಿದದ್ದು ಜನರಿಗೆ ನೆನಪಿರುವುದೇ ಅವು ಅಪರೂಪವಾದ್ದರಿಂದ. ಹೀಗಾಗಿ ದುಬಾರಿಯಾದ ವಾರೋಸೊಕುವನ್ನು ತರಿಸಿಕೊಳ್ಳುವವರು ಅದನ್ನು ಪೀಠದ ಮುಂದೆಯೋ ಊಟದ ಮೇಜಿನ ಮೇಲೋ ಹಚ್ಚುತ್ತಾರೆ, ಮತ್ತು ಆಗ ಕೆಲವು ಸಂಗತಿಗಳು ತಿಳಿದಿರಬೇಕು. ಬುಡ ಟೊಳ್ಳಾದ್ದರಿಂದ ಅದನ್ನು ಮೊಳೆಯಿರುವ ಕಬ್ಬಿಣದ ನಿಲುವಿಗೆ ಚುಚ್ಚಬೇಕು. ತಟ್ಟೆಗೆ ಮೇಣ ತೊಟ್ಟಿಕ್ಕಿಸಿ ಅಂಟಿಸುವ ಇಲ್ಲಿಯ ಅಭ್ಯಾಸ ಇದಕ್ಕೆ ಸರಿಹೋಗದು. ಸಂಗ್ರಹಿಸಿಟ್ಟಾಗ ಮೈಮೇಲೆ ಬಿಳಿಯ ಹುಡಿ ಮೂಡಿದರೆ ಅದು ಬೂಷ್ಟಲ್ಲ, ಕೊಬ್ಬು ಹೊರಸೂಸಿದ್ದು, ಮೆತ್ತಗಿನ ಬಟ್ಟೆಯಿಂದ ಒರೆಸಿದರೆ ಹೋಗುತ್ತದೆ. ಸೀಲಿಂಗ್ ಫ್ಯಾನಿನ ಕೆಳಗೆ ಇದನ್ನು ಹಚ್ಚಲೇಬಾರದು. ಜ್ವಾಲೆ ಒಂದು ಬದಿಗೆ ಬಾಗಿದ ಕೂಡಲೇ ಆ ಬದಿಯ ಮೇಣ ಒಡೆದು ಹರಿಯುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ತಿರಿಯ ಆರೈಕೆ. 1825ರಲ್ಲಿ ಫ್ರಾನ್ಸಿನಲ್ಲಿ ರೂಪುಗೊಂಡ ಹೆಣೆದ ಹತ್ತಿಯ ಬತ್ತಿ ಉರಿಯುತ್ತ ತಾನೇ ಬಾಗಿ ಜ್ವಾಲೆಯ ಅಂಚಿನಲ್ಲಿ ಬೂದಿಯಾಗುವುದರಿಂದ ಇಂದಿನ ಮೇಣದಬತ್ತಿಗೆ ಹಚ್ಚಿದ ಮೇಲೆ ಯಾರ ಗಮನವೂ ಬೇಡ. ಹುಲ್ಲಿನ ತಿರಿ ಬಾಗುವುದಿಲ್ಲ, ಅದರ ಕರಿ ಉದ್ದವಾಗುತ್ತ ಹೋಗುತ್ತದೆ, ಹಾಗೆ ಬಿಟ್ಟರೆ ಜ್ವಾಲೆ ಹೊಗೆಯಾಡತೊಡಗುತ್ತದೆ. ಆದ್ದರಿಂದ ಉರಿಯುತ್ತಿರುವಾಗಲೇ ಆಗಾಗ ಅದಕ್ಕೆಂದೇ ಇರುವ ಕತ್ತರಿಯಿಂದ ಕರಿಯ ತುದಿಯನ್ನು ತೆಗೆಯಬೇಕು. ಜಪಾನಿನಲ್ಲಿ ಆ ಕೆಂಡದ ತುಣುಕನ್ನು ಹಾಕಲು ಮುಚ್ಚಳವಿರುವ ಸಣ್ಣ ಲೋಹದ ಡಬ್ಬಿಯನ್ನು ಬತ್ತಿಯ ಜೊತೆಗೇ ಮಾರುತ್ತಾರೆ, ಮುಂಬೈಯ ಮನೆಯಲ್ಲಿ ಪಕ್ಕಕ್ಕೊಂದು ನೀರಿನ ಬಟ್ಟಲಿದ್ದರೂ ನಡೆಯುತ್ತದೆ.